ಸಪ್ತಕವೇರಿಸುವ ಗಿಟಾರ್ ಪೆಡಲಿಗೆ ಬದಲಿ ಟ್ರಾನ್ಸ್‌ಫಾರ್ಮರಿನ ಆಯ್ಕೆ

ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳಿಂದ ಗದಗವು ಸಂಗೀತದ ನೆಲೆಯೆಂದು ಹೆಸರಾಯಿತು. ಅಲ್ಲಿ ಸ್ವರವನ್ನು ಮಧ್ಯ ಸಪ್ತಕದಿಂದ ತಾರ ಸಪ್ತಕಕ್ಕೇರಿಸುವುದು ಕಂಠದ ಸಾಧನೆ. ವಿದ್ಯುತ್ ಗಿಟಾರಿನಲ್ಲಿ ಈ ಕಾರ್ಯವನ್ನು ಚಿಕ್ಕದೊಂದು ಪೆಡಲು ಮಾಡಬಲ್ಲದು. ಇಂಗ್ಲೆಂಡಿನ ರೋಜರ್ ಮೇಯರ್ ರಚಿಸಿದ 'ಆಕ್ಟೇವಿಯ'ವನ್ನು ಜಿಮಿ ಹೆಂಡ್ರಿಕ್ಸ್ 1967ರ ಧ್ವನಿಮುದ್ರಣಗಳಲ್ಲಿ ಬಳಸಿದರು. ಈ ಜಾತಿಯ ಪೆಡಲನ್ನು ಕಟ್ಟಲು ಹೊರಟ ವಿದ್ಯಾರ್ಥಿಗೆ ನಕ್ಷೆಯಲ್ಲಿ ಹೆಸರಿಸಿದ ಟ್ರಾನ್ಸ್‌ಫಾರ್ಮರ್ ಅನೇಕ ವೇಳೆ ದೊರೆಯುವುದಿಲ್ಲ. ಆಗ ಬದಲಿಯನ್ನು ಆರಿಸುವ ಬಗೆ ಯಾವುದೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಮೊದಲು ತತ್ತ್ವವನ್ನು ನೋಡೋಣ. ಟ್ರಾನ್ಸ್‌ಫಾರ್ಮರಿನ ದ್ವಿತೀಯ ಸುರುಳಿಯ ನಡುವಿನಿಂದ ಒಂದು ತಂತಿಯನ್ನು ಹೊರತೆಗೆದು ನೆಲಕ್ಕೆ ಸೇರಿಸಿದರೆ, ಸುರುಳಿಯ ಎರಡು ತುದಿಗಳಲ್ಲಿ ಪರಸ್ಪರ ವಿರುದ್ಧವಾದ ವೋಲ್ಟೇಜುಗಳು ದೊರೆಯುತ್ತವೆ. ಪ್ರತಿ ತುದಿಗೂ ಒಂದೊಂದು ಡಯೋಡನ್ನು ಜೋಡಿಸಿ ಕೂಡಿಸಿದಾಗ, ಒಂದು ಕಂಪನದ ಸ್ಥಾನದಲ್ಲಿ ಎರಡು ಉಬ್ಬುಗಳು ಮೂಡುತ್ತವೆ. ಮೂಲಸ್ವರ ಅಳಿದು, ಅದರ ಇಮ್ಮಡಿ ಕಂಪನದ ಸ್ವರವೇ ಪ್ರಧಾನವಾಗುತ್ತದೆ. ಕಿವಿಗೆ ಅದು ಒಂದು ಸಪ್ತಕ ಮೇಲಿನ ಸ್ವರ.

ಬದಲಿಯು ನಮ್ಮ ಸಮೀಪದಲ್ಲಿಯೇ ಸಿಗಬಹುದು. ಧಾರವಾಡದ ಆಕಾಶವಾಣಿ ಕೇಂದ್ರವು 1950ರಲ್ಲಿ ಆರಂಭವಾಯಿತು. ಅದರ ಕಾರ್ಯಕ್ರಮಗಳನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಿಗೆ ಮುಟ್ಟಿಸಿದ ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಹಲವಕ್ಕೆ ಎರಡು ಚಿಕ್ಕ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಧ್ವನಿವರ್ಧಕಕ್ಕೆ ಸೇರಿದುದು 'ಔಟ್‌ಪುಟ್'. ಅದರಲ್ಲಿ ನಡುತಂತಿ ಪ್ರಥಮ ಸುರುಳಿಯಲ್ಲಿರುತ್ತದೆ. ಅದಕ್ಕೂ ಹಿಂದಿನ ಹಂತದ್ದು 'ಡ್ರೈವರ್'. ಅದರಲ್ಲಿ ಸಾಮಾನ್ಯವಾಗಿ ನಡುತಂತಿ ದ್ವಿತೀಯ ಸುರುಳಿಯಲ್ಲಿರುತ್ತದೆ. ನಮಗೆ ಬೇಕಾದುದು ಈ ಎರಡನೆಯದು. ಗಾತ್ರದಲ್ಲಿ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ, ಕಣ್ಣಳತೆಯನ್ನು ನಂಬದೆ ಓಮ್‌ಮೀಟರಿನಿಂದ ಪರೀಕ್ಷಿಸತಕ್ಕದ್ದು.

ಮೊದಲನೆಯ ಪರೀಕ್ಷೆ ಸುತ್ತುಗಳ ಪ್ರಮಾಣ. ಸಿಗ್ನಲ್ ಜನರೇಟರಿನಿಂದ ಸೆಕೆಂಡಿಗೆ 1000 ಕಂಪನಗಳ 1 ವೋಲ್ಟನ್ನು ಪ್ರಥಮ ಸುರುಳಿಗೆ ಕೊಟ್ಟಾಗ ಇಡೀ ದ್ವಿತೀಯ ಸುರುಳಿಯಲ್ಲಿ 0.45 ವೋಲ್ಟ್ ಬಂದಿತೆನ್ನೋಣ. ಪ್ರಮಾಣ ಸುಮಾರು 2.2, ಇಂಪೀಡೆನ್ಸುಗಳ ಪ್ರಮಾಣ ಅದರ ವರ್ಗ, ಎಂದರೆ ಸುಮಾರು 5. ನಕ್ಷೆಯಲ್ಲಿ 10 ಕಿಲೋಓಮಿಗೆ 2 ಕಿಲೋಓಮ್ ಎಂದಿದ್ದರೆ ಇದು ಹೊಂದುತ್ತದೆ. ಆದರೆ ಅರ್ಧ ಸುರುಳಿಯ ಶಿಖರ ವೋಲ್ಟೇಜು ಇಲ್ಲಿ 0.32 ಮಾತ್ರ. ಸುಮಾರು 0.6 ವೋಲ್ಟ್ ಬೇಡುವ ಸಿಲಿಕಾನ್ ಡಯೋಡು ಇದರಿಂದ ತೆರೆಯದು. ಜರ್ಮೇನಿಯಂ ಡಯೋಡನ್ನು ಬಳಸಬೇಕು, ಇಲ್ಲವೇ ಹಿಂದಿನ ಹಂತದ ವರ್ಧನೆಯನ್ನು ಹೆಚ್ಚಿಸಬೇಕು.

ಎರಡನೆಯದು ಎರಡು ಅರ್ಧಗಳ ಸಮತೋಲ. ನಡುತಂತಿಯಿಂದ ಎರಡು ತುದಿಗಳಿಗೂ ವೋಲ್ಟೇಜು ಸಮವಾಗಿರಬೇಕು. ಒಂದರಲ್ಲಿ ನೂರಕ್ಕೆ 10ರಷ್ಟು ಕೊರತೆಯಾದರೆ, ಡಯೋಡಿನ ನಷ್ಟವನ್ನೆಣಿಸದೆ ನೋಡಿದರೂ, ಮೂಲಸ್ವರವು ಇಮ್ಮಡಿ ಸ್ವರದ ಎಂಟನೆಯ ಒಂದರಷ್ಟು ಉಳಿದುಬಿಡುತ್ತದೆ. ಸಾಮಾನ್ಯ ಮಲ್ಟಿಮೀಟರುಗಳಲ್ಲಿ ಕೆಲವು ಹೆಚ್ಚಿನ ಕಂಪನಗಳಲ್ಲಿ ತಪ್ಪು ತೋರುವುದರಿಂದ ಆಸಿಲೋಸ್ಕೋಪು ಮೇಲು.

ಮೂರನೆಯದು ಪ್ರಥಮ ಸುರುಳಿಯ ಪ್ರೇರಕತ್ವ. ಇದು ಅಲ್ಪವಾದರೆ ಮಂದ್ರಸ್ವರಗಳು ಕುಗ್ಗುತ್ತವೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಹಿಂದಿನ ಹಂತದ ರೋಧ 10 ಕಿಲೋಓಮ್ ಇದ್ದಲ್ಲಿ, ಆ ಸ್ವರದ ವೋಲ್ಟೇಜಿನ 0.7 ಭಾಗ ಉಳಿಯಬೇಕಾದರೆ ಸುಮಾರು 19 ಹೆನ್ರಿ ಅವಶ್ಯ. ರೋಧವನ್ನು 1 ಕಿಲೋಓಮಿಗೆ ಇಳಿಸಿದರೆ 2 ಹೆನ್ರಿ ಸಾಕು. ಆದುದರಿಂದ ದುರ್ಬಲವಾದ ಬದಲಿಯ ಮುಂದೆ ಒಂದು ಎಮಿಟರ್ ಫಾಲೋವರ್ ಹಂತವನ್ನಿಡುವುದು ಸುಲಭೋಪಾಯ. ಇದಲ್ಲದೆ, ಈ ಪೆಡಲಿನ ಪರಿಣಾಮವು ಮೇಲಿನ ಸ್ವರಗಳಲ್ಲಿಯೇ ಸ್ಪಷ್ಟವಾಗಿ ಕೇಳುವುದರಿಂದ, ಕೆಳಸ್ವರಗಳ ಕಿಂಚಿತ್ ನಷ್ಟವನ್ನು ಸಹಿಸಬಹುದು.

ಕೊನೆಯದಾಗಿ, ಸುರುಳಿಯಲ್ಲಿ ಏಕಮುಖ ಪ್ರವಾಹ ಹೆಚ್ಚಾಗಿ ಹರಿದರೆ ಚಿಕ್ಕ ಕಬ್ಬಿಣದ ತಿರುಳು ಸಂತೃಪ್ತವಾಗಿ ಪ್ರೇರಕತ್ವ ಕುಸಿಯುತ್ತದೆ. ಡ್ರೈವರ್ ಟ್ರಾನ್ಸ್‌ಫಾರ್ಮರ್ ಕೆಲವೇ ಮಿಲಿಆಂಪಿಯರುಗಳನ್ನು ತಾಳಬಲ್ಲದು. ಪರೀಕ್ಷೆಗೆ ಮನೆಯ ವಿದ್ಯುತ್ತನ್ನು ಎಂದಿಗೂ ಬಳಸಕೂಡದು. ವಾಲ್ವ್ ರೇಡಿಯೋಗಳಲ್ಲಿ, ಪ್ಲಗ್ಗನ್ನು ಕಿತ್ತ ಮೇಲೆಯೂ ಕೆಪ್ಯಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಆದಕಾರಣ ಬ್ಯಾಟರಿಯಿಂದ ನಡೆಯುವ ರೇಡಿಯೋವನ್ನೇ ವಿದ್ಯಾರ್ಥಿಗಳು ಆರಿಸಿಕೊಳ್ಳಲಿ.

ಒಟ್ಟಿನಲ್ಲಿ, ಬದಲಿಯೆಂಬುದು ಹೆಸರಿನ ಹೋಲಿಕೆಯಲ್ಲ, ಗುಣದ ಹೋಲಿಕೆ. ಪ್ರಮಾಣ, ಸಮತೋಲ, ಪ್ರೇರಕತ್ವ, ಪ್ರವಾಹಸಹನೆ ಈ ನಾಲ್ಕನ್ನೂ ಅಳೆದು ಬರೆದಿಟ್ಟುಕೊಂಡ ವಿದ್ಯಾರ್ಥಿಗೆ, ಹಳೆಯ ರೇಡಿಯೋದ ಹೆಸರಿಲ್ಲದ ತುಣುಕೊಂದು ಪೆಡಲನ್ನೂ ಕೊಡುತ್ತದೆ, ಪಾಠವನ್ನೂ ಕೊಡುತ್ತದೆ.