ಬಡ ಮಣ್ಣನ್ನೇ ನೆಚ್ಚಿದ ಚಿಟ್ಟೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಸ್ಯಾನ್ ಹೋಸೆ ನಗರದ ದಕ್ಷಿಣಕ್ಕೆ ಚಾಚಿರುವ ಕಯೋಟಿ ರಿಡ್ಜ್ ಎಂಬ ಬೆಟ್ಟಸಾಲಿನ ಮಣ್ಣು, ಸರ್ಪೆಂಟಿನೈಟ್ ಎಂಬ ಹಸಿರು ಛಾಯೆಯ ಶಿಲೆ ಸವೆದು ಉಂಟಾದುದು. ಈ ಮಣ್ಣಿನಲ್ಲಿ ಮೆಗ್ನೀಷಿಯಂ ವಿಪರೀತ, ಜೊತೆಗೆ ಸಸ್ಯಗಳಿಗೆ ಒಗ್ಗದ ನಿಕ್ಕಲ್, ಕ್ರೋಮಿಯಂಗಳೂ ಉಂಟು. ಬೇಕಾದ ಕ್ಯಾಲ್ಸಿಯಂ ಕಡಿಮೆ, ಸಾರಜನಕವಂತೂ ತೀರ ಕಡಿಮೆ. ಬೇಸಾಯಗಾರನ ದೃಷ್ಟಿಯಲ್ಲಿ ಇದು ಬರಡು ನೆಲ. ಆದರೆ ಯುರೋಪಿನಿಂದ ಬಂದ ಹುಲ್ಲುಗಳು ಕ್ಯಾಲಿಫೋರ್ನಿಯಾದ ಬಹುಪಾಲು ಹುಲ್ಲುಗಾವಲುಗಳನ್ನು ಆಕ್ರಮಿಸಿಕೊಂಡಾಗಲೂ ಇಂಥ ನೆಲದಲ್ಲಿ ಬೇರೂರಲಾರದೆ ಹೋದದ್ದರಿಂದ, ಸ್ಥಳೀಯ ಹೂಗಿಡಗಳಿಗೆ ಇದೇ ಆಸರೆಯಾಯಿತು.

ಪರಿಸರ ವ್ಯವಸ್ಥೆಯಲ್ಲಿ ಶಿಲೆ, ಮಣ್ಣು, ನೀರು, ಗಾಳಿ, ಬಿಸಿಲುಗಳನ್ನು ಅಜೈವಿಕ ಘಟಕಗಳೆಂದೂ ಸಸ್ಯ, ಪ್ರಾಣಿ, ಸೂಕ್ಷ್ಮಾಣುಗಳನ್ನು ಜೈವಿಕ ಘಟಕಗಳೆಂದೂ ವಿಂಗಡಿಸುವುದು ರೂಢಿ. ಅಜೈವಿಕ ಘಟಕಗಳನ್ನು ಜೀವಿಗಳ ಹಿನ್ನೆಲೆಯೆಂದಷ್ಟೇ ಎಣಿಸುವುದು ಎಷ್ಟು ತಪ್ಪೆಂಬುದನ್ನು ಇಲ್ಲಿನ ಬೇ ಚೆಕರ್‌ಸ್ಪಾಟ್ ಚಿಟ್ಟೆಯ ಬದುಕು ತೋರಿಸುತ್ತದೆ. ಇದರ ಕಂಬಳಿಹುಳು ಮುಖ್ಯವಾಗಿ ತಿನ್ನುವುದು ಇಸಬಗೋಲಿನ ಕುಲಕ್ಕೇ ಸೇರಿದ, ಸಾಮಾನ್ಯವಾಗಿ ಗೇಣುದ್ದವೂ ಬೆಳೆಯದ ಪ್ಲಾಂಟಾಗೊ ಇರೆಕ್ಟಾ ಎಂಬ ಸಸ್ಯವನ್ನು. ವಸಂತದಲ್ಲಿ ಮೊಟ್ಟೆಯೊಡೆದು ಬಂದ ಹುಳು, ಬೇಸಿಗೆಯ ಒಣಹವೆಗೆ ಆ ಗಿಡ ಬಾಡುವ ಮುನ್ನವೇ ಸಾಕಷ್ಟು ಬೆಳೆದು, ಬೆಳವಣಿಗೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಸುಪ್ತಾವಸ್ಥೆಗೆ ಸೇರಬೇಕು. ಚಳಿಗಾಲದ ಮಳೆ ಬಿದ್ದು ಗಿಡ ಚಿಗುರಿದಾಗ ಎಚ್ಚೆತ್ತು, ಮೈ ಬಿಸಿಲಿಗೊಡ್ಡಿ ಕಾಯಿಸಿಕೊಳ್ಳುತ್ತ ಮತ್ತೆ ಮೇಯಬೇಕು. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಬಿಸಿಲು ಹೆಚ್ಚಾದ್ದರಿಂದ ಹುಳು ಬೇಗ ಬೆಳೆಯುತ್ತದೆ, ಆದರೆ ಗಿಡವೂ ಬೇಗ ಒಣಗುತ್ತದೆ. ಉತ್ತರದ ತಂಪು ಇಳಿಜಾರಿನಲ್ಲಿ ಗಿಡ ಹೆಚ್ಚು ಕಾಲ ಹಸಿರಾಗಿದ್ದರೂ ಹುಳುವಿನ ಬೆಳವಣಿಗೆ ನಿಧಾನ. ಮಳೆ ಒಂದೊಂದು ವರ್ಷ ಒಂದೊಂದು ಬಗೆಯಾಗಿರುವ ಈ ಸೀಮೆಯಲ್ಲಿ, ಎರಡೂ ಬಗೆಯ ಇಳಿಜಾರುಗಳಿರುವ ಬೆಟ್ಟವೇ ಚಿಟ್ಟೆಯ ವಂಶವನ್ನು ಕಾಯುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ಎರ್ಲಿಕ್ 1960ರ ಸುಮಾರಿಗೆ ಅಧ್ಯಯನ ಆರಂಭಿಸಿದ ಜಾಸ್ಪರ್ ರಿಡ್ಜ್ ಇಂಥ ವೈವಿಧ್ಯ ಕಡಿಮೆಯಿದ್ದ ಚಿಕ್ಕ ತಾಣ. ಅಲ್ಲಿನ ಚಿಟ್ಟೆಗಳು 1990ರ ದಶಕದ ಕೊನೆಗೆ ಅಳಿದವು. 1987ರಲ್ಲೇ ಅಮೆರಿಕ ಸರ್ಕಾರ ಈ ಚಿಟ್ಟೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತ್ತು.

ಕಯೋಟಿ ರಿಡ್ಜ್‌ಗೆ ಒದಗಿದ ಕಂಟಕ ಬೇರೆಯದು, ಅದು ಗಾಳಿಯಲ್ಲಿ ಬಂದದ್ದು. ವಾಹನಗಳ ಹೊಗೆಯಲ್ಲಿರುವ ಸಾರಜನಕದ ಸಂಯುಕ್ತಗಳು ನೆಲಕ್ಕಿಳಿದು ಗೊಬ್ಬರದಂತೆ ವರ್ತಿಸುತ್ತವೆ. ಪರಿಸರ ವಿಜ್ಞಾನಿ ಸ್ಟುವರ್ಟ್ ವೈಸ್ 1999ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸ್ಯಾನ್ ಹೋಸೆಯ ದಕ್ಷಿಣದ ಹುಲ್ಲುಗಾವಲುಗಳ ಪ್ರತಿ ಹೆಕ್ಟೇರಿಗೆ ವರ್ಷಕ್ಕೆ 10ರಿಂದ 15 ಕಿಲೊ ಸಾರಜನಕ ಬೀಳುತ್ತಿತ್ತು; ಗಾಳಿ ಅಷ್ಟು ಕೆಡದ ಸ್ಯಾನ್ ಫ್ರಾನ್ಸಿಸ್ಕೊ ಪರ್ಯಾಯದ್ವೀಪದ ಭಾಗದಲ್ಲಿ ಇದು 4ರಿಂದ 6 ಕಿಲೊ ಮಾತ್ರ. ಬಡ ಮಣ್ಣು ಹೀಗೆ ಫಲವತ್ತಾದೊಡನೆ ಅದುವರೆಗೆ ಹೊರಗುಳಿದಿದ್ದ ರೈ ಹುಲ್ಲು ನುಗ್ಗಿ, ಪುಟ್ಟ ಪ್ಲಾಂಟಾಗೊವನ್ನು ನೆರಳಿನಲ್ಲಿ ಮುಚ್ಚಿಹಾಕಿತು. ದನಗಳನ್ನು ಹೊರಗಿಟ್ಟರೆ ನಿಸರ್ಗ ತಾನೇ ಚೇತರಿಸಿಕೊಳ್ಳುವುದೆಂಬ ಎಣಿಕೆ ಇಲ್ಲಿ ಸುಳ್ಳಾಯಿತು: ಮೇಯಿಸುವುದನ್ನು ನಿಲ್ಲಿಸಿದ ಕಡೆಗಳಲ್ಲೇ ಹುಲ್ಲು ಹಬ್ಬಿ, ಚಿಟ್ಟೆಗಳು ಕುಸಿದವು. ದನಗಳು ಸತ್ವವುಳ್ಳ ಪರದೇಶಿ ಹುಲ್ಲನ್ನೇ ಆಯ್ದು ಮೇಯುತ್ತವೆ. ಆ ಹುಲ್ಲು ಹೀರಿದ ಸಾರಜನಕದಲ್ಲಿ ಒಂದಷ್ಟು ಭಾಗ, ಬೆಳೆದ ದನ ಬೆಟ್ಟವಿಳಿದು ಹೋಗುವಾಗ ಅದರ ದೇಹದೊಂದಿಗೇ ಹೊರಗೆ ಹೋಗುತ್ತದೆ. ಗಾಳಿ ತಂದುಹಾಕಿದ ಅಜೈವಿಕ ಹೊರೆಯನ್ನು ಜೈವಿಕ ಘಟಕವೊಂದು ಇಳಿಸುವ ಈ ಕ್ರಮವನ್ನು, ದನವೆಂದರೆ ಕಾಡಿಗೆ ಕೇಡೆಂದು ಮೊದಲೇ ತೀರ್ಮಾನಿಸಿದವರು ಗಮನಿಸಬೇಕು. ಮಿತಿಮೀರಿ ಮೇಯಿಸಿದರೆ ಹಾನಿಯಾದೀತೆಂಬುದೂ ಅಷ್ಟೇ ನಿಜ.

ಸ್ಯಾನ್ ಮಟೇಯೊ ಕೌಂಟಿಯ ಎಡ್ಜ್‌ವುಡ್ ಉದ್ಯಾನದಲ್ಲಿ, 280ನೆಯ ಹೆದ್ದಾರಿಯ ಮಗ್ಗುಲಲ್ಲೇ, ಈ ಚಿಟ್ಟೆ 2002ರ ವೇಳೆಗೆ ಕಣ್ಮರೆಯಾಗಿತ್ತು. ಅಲ್ಲಿ ದನಗಳಿಲ್ಲ. ಆದ್ದರಿಂದ ರೈ ಹುಲ್ಲು ಬೀಜ ಕಟ್ಟುವ ಮೊದಲೇ ಅದನ್ನು ಯಂತ್ರದಿಂದ ಕತ್ತರಿಸಿ ಪ್ಲಾಂಟಾಗೊಗೆ ಜಾಗ ಬಿಡಿಸಲಾಯಿತು. 2007ರಲ್ಲಿ ಕಯೋಟಿ ರಿಡ್ಜ್‌ನಿಂದ ಕಂಬಳಿಹುಳುಗಳನ್ನು ತಂದು ಬಿಡಲಾಯಿತು. ಹೆದ್ದಾರಿಯ ಹೊಗೆ ಇಳಿಯುತ್ತಿರುವವರೆಗೂ ಈ ಕತ್ತರಿಸುವ ಕೆಲಸಕ್ಕೆ ಬಿಡುವಿಲ್ಲ.