ಒಂದೂವರೆ ಎಕರೆ ಮೈದಾನ, ಎಂಟು ಲೋಕಸಭೆ ಚುನಾವಣೆ: ಏನಿದು ಈದ್ಗಾ ಲೆಕ್ಕ?

ಹುಬ್ಬಳ್ಳಿ: ಗಣೇಶ ಚತುರ್ಥಿ ಹತ್ತಿರ ಬಂತೆಂದರೆ ಚನ್ನಮ್ಮ ಸರ್ಕಲ್ ಸುತ್ತಲಿನ ಅಂಗಡಿಕಾರರದ್ದು ಒಂದೇ ಪ್ರಶ್ನೆ: ಈ ಸಲ ಈದ್ಗಾ ಮೈದಾನದಾಗ ಏನ್ರಿ? ಈ ಒಂದೂವರೆ ಎಕರೆ ಜಾಗ ದಿಲ್ಲಿಗೆ ಹೋಗುವ ಮತವನ್ನೂ ಎಳೆದಾಡಿದ್ದು ಹೇಗೆ ಅನ್ನೋದು ಹೊಸ ಮತದಾರರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ.

1921ರಲ್ಲಿ ಪುರಸಭೆ ಈ ಜಾಗವನ್ನು ವರ್ಷಕ್ಕೆ 1 ರೂಪಾಯಿಯಂತೆ 999 ವರ್ಷಕ್ಕೆ ಅಂಜುಮನ್-ಎ-ಇಸ್ಲಾಂಗೆ ಕೊಟ್ಟಿತ್ತು. ಅಂಜುಮನ್ ಅಲ್ಲಿ ಮಳಿಗೆ ಕಟ್ಟಲು ಹೊರಟಾಗ ಕೆಲವರು ಕೋರ್ಟ್ ಮೆಟ್ಟಿಲೇರಿದರು. ಅಂದರೆ ಮೊದಲು ಇದ್ದದ್ದು ಜಾಗದ ತಕರಾರು. ರಾಷ್ಟ್ರಧ್ವಜದ ಮಾತು ಸೇರಿಕೊಂಡದ್ದು 1992ರ ಸುಮಾರಿಗೆ. 1994ರ ಆಗಸ್ಟ್ 15ರಂದು ಕರ್ಫ್ಯೂ ನಡುವೆಯೇ ಧ್ವಜ ಹಾರಿಸುವ ಯತ್ನ ನಡೆದು, ಗೋಲಿಬಾರ್ ಆಗಿ ಜನ ಸತ್ತರು. ಆ ವರ್ಷದ ಕೊನೆಗೆ ವಿಧಾನಸಭೆ ಚುನಾವಣೆ. ರಾಜ್ಯದಲ್ಲಿ 4 ಸ್ಥಾನ ಇದ್ದ ಬಿಜೆಪಿ 40ಕ್ಕೇರಿತು. 1995ರಲ್ಲಿ ಅಂಜುಮನ್‌ನವರೇ ಧ್ವಜ ಹಾರಿಸಿದರು, ಗಲಾಟೆ ತಣ್ಣಗಾಯಿತು. ಮತ ಮಾತ್ರ ಹಿಂದಕ್ಕೆ ಬರಲಿಲ್ಲ.

ವೀರೇಂದ್ರ ಪಾಟೀಲರನ್ನು ಇಳಿಸಿದ್ದಕ್ಕೆ ಲಿಂಗಾಯತರು ಕಾಂಗ್ರೆಸ್ ಬಿಟ್ಟರು ಅನ್ನೋದು ಇನ್ನೊಂದು ಲೆಕ್ಕ. ಅದರಲ್ಲಿ ಹುರುಳಿದೆ. ಆದರೆ ಅವರನ್ನು ಇಳಿಸಿದ್ದು 1990ರಲ್ಲಿ. 1991ರಲ್ಲೂ ಧಾರವಾಡ ಉತ್ತರದಿಂದ ಗೆದ್ದದ್ದು ಕಾಂಗ್ರೆಸ್ಸಿನ ಡಿ.ಕೆ. ನಾಯ್ಕರ್. 1996ರಲ್ಲಿ ವಿಜಯ ಸಂಕೇಶ್ವರ ಗೆದ್ದರು. ಅಂದಿನಿಂದ ಸಂಕೇಶ್ವರ ಮೂರು ಸಲ, ಪ್ರಲ್ಹಾದ ಜೋಶಿ ಐದು ಸಲ, ಒಟ್ಟು ಎಂಟೂ ಚುನಾವಣೆ ಬಿಜೆಪಿಗೆ. 2024ರಲ್ಲಿ ಅಂತರ 97,324.

ಮೈದಾನದ ಬಿಸಿ ಭೋಪಾಲ್‌ಗೂ ತಟ್ಟಿತು. 1994ರ ಕೇಸಿನಲ್ಲಿ ಹುಬ್ಬಳ್ಳಿ ಕೋರ್ಟ್ ವಾರಂಟ್ ಹೊರಡಿಸಿದ್ದಕ್ಕೆ ಉಮಾ ಭಾರತಿ 2004ರಲ್ಲಿ ಮಧ್ಯಪ್ರದೇಶದ ಮುಖ್ಯಮಂತ್ರಿ ಕುರ್ಚಿಯನ್ನೇ ಬಿಟ್ಟರು.

ಜಾಗ ಯಾರದ್ದು ಅನ್ನೋದು 2010ರಲ್ಲೇ ಸುಪ್ರೀಂ ಕೋರ್ಟ್‌ನಲ್ಲಿ ಮುಗಿದಿದೆ: ಒಡೆತನ ಪಾಲಿಕೆಯದ್ದು, ವರ್ಷಕ್ಕೆ ಎರಡು ಸಲ ಪ್ರಾರ್ಥನೆಗೆ ಅವಕಾಶ. ಆದರೂ 2022ರಲ್ಲಿ ಗಣೇಶೋತ್ಸವದ ಅನುಮತಿಗಾಗಿ ಮತ್ತೆ ಹೈಕೋರ್ಟ್, ರಾತ್ರಿ ವಿಚಾರಣೆ. ಕೋರ್ಟ್ ಅನುಮತಿ ಕೊಟ್ಟಿತು, ಗಣಪತಿಯೂ ಕುಳಿತ.

ಮುಗಿದ ವಿಷಯ ಯಾಕೆ ಮತ್ತೆ ಏಳುತ್ತದೆ? ಕಳಸಾ-ಬಂಡೂರಿ ನೋಡ್ರಿ. ಮಹದಾಯಿ ನೀರು ಬೇಡ ಅನ್ನುವವರು ಅವಳಿನಗರದಲ್ಲಿ ಯಾರೂ ಇಲ್ಲ, ಎಲ್ಲ ಪಕ್ಷದವರೂ ಬೇಕು ಅಂತಾರೆ. ಹಾಗಾಗಿ ಆ ಹೆಸರಿನಲ್ಲಿ ಮತ ಎರಡು ಪಾಲಾಗುವುದಿಲ್ಲ. ಮೈದಾನದ ಹೆಸರಿನಲ್ಲಿ ಆಗುತ್ತದೆ, ಅದೂ ಖರ್ಚಿಲ್ಲದೆ. ಖರ್ಚು ಬೀಳೋದು ಬಂದೋಬಸ್ತ್ ಆದ ದಿನ ಬಾಗಿಲು ಎಳೆಯುವ ಅಂಗಡಿಗೆ, ಅದು ಎರಡೂ ಕಡೆಯವರದ್ದು.