ನಿಮಗಿದು ಗೊತ್ತೇ? ಕಾರಿಲ್ಲದೆ ಒಂದು ದಿನದ ಪ್ರವಾಸ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಊರಾಚೆಯ ಬಸ್ಸಿಗೆ ಕಾಯುವಾಗ ನೀವು ನಿಂತಿರುವುದು ಕೆರೆಯಂಗಳದಲ್ಲಿ! ಒಂದು ಕಾಲಕ್ಕೆ ಪೇಟೆಗೆ ನೀರುಣಿಸಿದ ಧರ್ಮಾಂಬುಧಿ ಕೆರೆ ಬತ್ತಿದ ಮೇಲೆ ಅದೇ ಜಾಗಕ್ಕೆ ಬಸ್ ನಿಲ್ದಾಣ ಬಂತು.

ರೈಲು ಕೋಟೆಯೊಳಗೇ ಹೋಗಿ ನಿಲ್ಲುವ ಊರು ಯಾವುದು? ಶ್ರೀರಂಗಪಟ್ಟಣ. ಇಳಿದವರು ರಂಗನಾಥಸ್ವಾಮಿ ದೇಗುಲಕ್ಕೆ ನಡೆದೇ ಹೋಗಬಹುದು. ಮೈಸೂರು ಮಾರ್ಗಕ್ಕೆ ಜೋಡಿ ಹಳಿ ಹಾಕುವಾಗ ಇಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಅದನ್ನು ಕೆಡವಲಿಲ್ಲ. 2017ರಲ್ಲಿ ಬುಡಸಮೇತ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ನೋಡದೆ ಬರಬೇಡಿ.

ಅದೇ ಹಳಿಯ ಮೇಲಿನ ಮದ್ದೂರಿನ ವಡೆಗೆ ಬೇಳೆ ನೆನೆಹಾಕುವ ಗೋಜಿಲ್ಲ. ರವೆ, ಅಕ್ಕಿಹಿಟ್ಟು, ಮೈದಾಕ್ಕೆ ಈರುಳ್ಳಿ ಸೇರಿಸಿ ತಟ್ಟಿ ಕರಿದರಾಯಿತು. ಹುಟ್ಟಿದ್ದು ರೈಲು ನಿಲ್ದಾಣದಲ್ಲೇ ಎನ್ನುತ್ತಾರೆ.

ಚನ್ನಪಟ್ಟಣದ ಬೊಂಬೆಗೆ ಬಣ್ಣ ಬಳಿಯಲು ಕುಂಚ ಬೇಡ, ಗೊತ್ತೇ? ಗರಗರ ತಿರುಗುವ ಆಲೆಮರದ ತುಂಡಿಗೆ ಕುಶಲಕರ್ಮಿ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೊಂದು ಒಣಗರಿ ಒತ್ತಿದರೆ ಕನ್ನಡಿಯ ಹೊಳಪು! ಅಂಗಡಿಯಲ್ಲಿ ಕೊಳ್ಳುವ ಮುನ್ನ ಹತ್ತು ನಿಮಿಷ ಈ ಕೆಲಸದ ಮುಂದೆ ನಿಲ್ಲಿ. ಆಮೇಲೆ ಚೌಕಾಸಿಗೆ ಮನಸ್ಸೇ ಬಾರದು.

ನಂದಿ ಬೆಟ್ಟದ ನೆತ್ತಿಗೂ ಸಾರಿಗೆ ಬಸ್ಸಿದೆ. ಆದರೆ ನನ್ನ ಮಾತು ಕೇಳುವುದಾದರೆ ಒಮ್ಮೆ ಚಿಕ್ಕಬಳ್ಳಾಪುರ ಮಾರ್ಗದ ರೈಲಿನಲ್ಲಿ ನಂದಿ ಹಾಲ್ಟ್‌ನಲ್ಲಿ ಇಳಿಯಿರಿ. ನ್ಯಾರೋಗೇಜ್ ಕಾಲದ ಈ ಪುಟ್ಟ ನಿಲ್ದಾಣಕ್ಕೆ ನೂರು ವರ್ಷ ದಾಟಿದೆ. ಬೆಟ್ಟದ ಬುಡದ ಭೋಗನಂದೀಶ್ವರ ದೇಗುಲ ಸಾವಿರ ವರ್ಷಕ್ಕೂ ಹಳೆಯದು. ಅರ್ಕಾವತಿ, ಪಾಲಾರ್‌ ನದಿಗಳು ಹುಟ್ಟುವುದೂ ಈ ಸೀಮೆಯಲ್ಲೇ.

ಕೆಜಿಎಫ್‌ಗೆ ಬಂಗಾರಪೇಟೆಯಿಂದ ಕವಲೊಡೆಯುವ ರೈಲುಹಾದಿಯ ನಿಲ್ದಾಣಗಳ ಹೆಸರು ಕೇಳಿ: ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಚಾಂಪಿಯನ್ ರೀಫ್ ಗಣಿ ಭೂಮಿಯೊಳಕ್ಕೆ 3 ಕಿಲೋಮೀಟರಿಗೂ ಆಳ ಇಳಿದಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ಅಂದಿನಿಂದ ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರಿಂದ. ನಮಗೆ ಪ್ರವಾಸವಾದ ಹಾದಿ ಅವರ ನಿತ್ಯದ ಪಾಡು. ಅವರು ದಣಿದು ಬರುವ ಹೊತ್ತಿನಲ್ಲಿ ದಯವಿಟ್ಟು ಸೀಟಿನ ಮೇಲೆ ಚೀಲ ಇಡಬೇಡಿ.

200 ಕಿಲೋಮೀಟರಿನೊಳಗಿನ ಕಾಯ್ದಿರಿಸದ ರೈಲು ಟಿಕೆಟ್‌ ದಿನವಿಡೀ ಚಾಲ್ತಿಯಲ್ಲಿರುವುದಿಲ್ಲ. ಕೊಂಡ ಮೂರು ಗಂಟೆಯೊಳಗೆ ಅಥವಾ ಆ ಊರಿಗೆ ಹೊರಡುವ ಮೊದಲ ರೈಲಿನಲ್ಲಿ ಪ್ರಯಾಣ ಶುರು ಮಾಡಬೇಕು.

2023ರ ಜೂನ್ 11ರಿಂದ ಜಾರಿಯಾದ ‘ಶಕ್ತಿ’ ಯೋಜನೆ ಕೆಲಸಕ್ಕೆ ಹೋಗುವವರಿಗೆ ಮಾತ್ರವಲ್ಲ. ರಾಜ್ಯದ ಮಹಿಳೆಯರು ಗುರುತಿನ ಚೀಟಿ ತೋರಿಸಿ ಕೆಂಪು ಬಸ್ಸಿನಲ್ಲಿ ಉಚಿತವಾಗಿ ಪ್ರವಾಸಕ್ಕೂ ಹೋಗಿಬರಬಹುದು. ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು.

ಬನ್ನೇರುಘಟ್ಟ, ಮೈಸೂರು ಮೃಗಾಲಯಗಳಿಗೆ ಮಂಗಳವಾರ ರಜೆ.

ಕೊನೆಯದಾಗಿ, ಹೋದ ಊರಿನಲ್ಲಿ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ: ವಾಪಸ್ ಹೋಗಲು ಕೊನೆಯ ಬಸ್ ಎಷ್ಟು ಗಂಟೆಗೆ?